ಚೀಟಿ ಅಂಟಿಸಿದ ಹಂಡೆ: ಮೈಸೂರಿನ ಒಂದು ಮನೆ ಹಗುರವಾದ ಬಗೆ

ಇದು ಮೈಸೂರಿನ ಒಂದು ಮನೆಯಲ್ಲಿ ನಡೆದದ್ದು. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಅವರು ಕೆಲಸ ಮಾಡುವ ಜಾಗ ಯಾವುದನ್ನೂ ಹೇಳುವುದಿಲ್ಲ. ಅಜ್ಜಿ, ಮಗ, ಸೊಸೆ, ಮೊಮ್ಮಗಳು, ಮೊಮ್ಮಗ ಎಂದೇ ಕರೆಯುತ್ತೇನೆ. ಸೊಸೆ ಮತ್ತು ನಾನು ಒಂದೇ ಶಾಲೆಯಲ್ಲಿ ಬಹಳ ವರ್ಷ ಜೊತೆಗೆ ಪಾಠ ಮಾಡಿದವರು. ಹಾಗಾಗಿ ನಡುವೆ ನಾನೂ ಕೈ ಹಾಕಿದೆ. ಕೆಲವು ತಪ್ಪು ನನ್ನವೂ ಇವೆ.

ಮನೆ, ಮಂದಿ, ಸಾಮಾನು

30×40 ಸೈಟಿನಲ್ಲಿ ತೊಂಬತ್ತರ ದಶಕದಲ್ಲಿ ಕಟ್ಟಿದ ಮನೆ. ಎರಡು ರೂಮು, ಹಾಲ್, ಅಡುಗೆಮನೆ, ಒಬ್ಬರು ಕೂರುವಷ್ಟು ದೇವರಮನೆ. ಎಲ್ಲ ರೂಮಿನಲ್ಲೂ ಅಟ್ಟ. ಅಜ್ಜಿಗೆ ಆಗ 74 ವರ್ಷ. ಮಗ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಸೊಸೆ ಹೈಸ್ಕೂಲ್ ಟೀಚರ್. ಮೊಮ್ಮಗಳು ಪಿಯುಸಿ, ಮೊಮ್ಮಗ ಆರನೇ ಕ್ಲಾಸು. ಅಜ್ಜ ತೀರಿಕೊಂಡು ಐದು ವರ್ಷ ಆಗಿತ್ತು.

ಈ ಮನೆಯವರು ದುಂದುಗಾರರಲ್ಲ. ಸುಮ್ನೆ ಕೊಳ್ಳುವ ಚಟವೂ ಇಲ್ಲ. ಸಾಮಾನು ಸೇರಿದ್ದು ಬೇರೆ ದಾರಿಯಲ್ಲಿ. ಊರಿನ ಮನೆ ಮಾರಿದಾಗ ತಾಮ್ರ, ಹಿತ್ತಾಳೆ ಪಾತ್ರೆಗಳೆಲ್ಲ ಇಲ್ಲಿಗೆ ಬಂದವು. ಮದುವೆ, ಉಪನಯನ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ಕೊಟ್ಟ ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಡಬ್ಬ, ರವಿಕೆ ಕಣ. ವಾರಂಟಿಗೆ ಬೇಕಾಗುತ್ತೆ ಅಂತ ಇಟ್ಟ ಮಿಕ್ಸಿಯ ರಟ್ಟಿನ ಡಬ್ಬ. ತಮ್ಮನಿಗೆ ಆಗುತ್ತೆ ಅಂತ ಇಟ್ಟ ಅಕ್ಕನ ಪುಸ್ತಕ, ಸಿಲಬಸ್ ಬದಲಾದ ಮೇಲೂ ಅಲ್ಲೇ ಇದ್ದವು.

ಹೊರಗೆ ಬೀದಿ ಚೊಕ್ಕಟ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಪಡೆದ ಊರಲ್ವಾ ಇದು. ಬೆಳಿಗ್ಗೆ ಗಾಡಿ ಬಂದಾಗ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವ ರೂಢಿ ಈ ಮನೆಗೂ ಚೆನ್ನಾಗಿಯೇ ಇತ್ತು. ಕಸ ಎಂದು ಗೊತ್ತಾದದ್ದು ಅವತ್ತೇ ಹೊರಗೆ ಹೋಗುತ್ತಿತ್ತು. ಕಸವೋ ಅಲ್ಲವೋ ಎಂದು ಯಾರೂ ತೀರ್ಮಾನ ಮಾಡದೇ ಇದ್ದದ್ದು ಒಳಗೇ ಉಳಿಯುತ್ತಿತ್ತು. ಮನೆ ತುಂಬಿದ್ದು ಅಂಥ ಸಾಮಾನಿನಿಂದ. ಇದು ನಮಗೆ ಅರ್ಥವಾಗಲು ತುಂಬ ದಿನ ಹಿಡಿಯಿತು.

ಎಡವಿದ ರಾತ್ರಿ

2023ರ ಜೂನ್. ರಾತ್ರಿ ಎರಡು ಗಂಟೆ ಹೊತ್ತಿಗೆ ಅಜ್ಜಿ ಬಚ್ಚಲಿಗೆ ಹೋಗಲು ಎದ್ದರು. ರೂಮಿನಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ಹಳೆ ಪೇಪರ್ ಕಟ್ಟು ಮೂರು ತಿಂಗಳಿಂದ ಇತ್ತು. ರದ್ದಿ ರೇಟು ಇನ್ನೂ ಸ್ವಲ್ಪ ಏರಲಿ ಅಂತ ಮಗ ಕಾಯುತ್ತಿದ್ದರು. ಕತ್ತಲಲ್ಲಿ ಕಾಲು ತಗುಲಿತು. ಬೀಳುವಾಗ ಅಜ್ಜಿ ಎಡಗೈ ಊರಿದರು. ಮಣಿಕಟ್ಟಿನ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ವಿಮೆ ಕಾರ್ಡ್ ಕೇಳಿದರು. ಅಜ್ಜಿ ಯಾವ ಯಾವ ಮಾತ್ರೆ ತಗೊಳ್ತಾರೆ ಅಂತ ಕೇಳಿದರು. ಸೊಸೆ ಮನೆಗೆ ವಾಪಸ್ ಬಂದು ಎರಡು ಗಂಟೆ ಹುಡುಕಿದರು. ಬೀರು, ಹಾಸಿಗೆ ಕೆಳಗೆ, ಟಿವಿ ಸ್ಟ್ಯಾಂಡಿನ ಡ್ರಾಯರ್, ಎಲ್ಲೂ ಇಲ್ಲ. ಕೊನೆಗೆ ಕಾರ್ಡ್ ಸಿಕ್ಕಿದ್ದು ದೇವರಮನೆಯಲ್ಲಿ, ಹೋದ ವರ್ಷದ ಪಂಚಾಂಗದ ಒಳಗೆ. ಮಾತ್ರೆ ಚೀಟಿ ಸಿಗಲೇ ಇಲ್ಲ.

ಮಾರನೇ ದಿನ ಸೊಸೆ ನನಗೆ ಫೋನ್ ಮಾಡಿದ್ದರು. ಅವರು ಬೇಜಾರು ಮಾಡಿಕೊಂಡಿದ್ದು ಕಾರ್ಡಿಗಲ್ಲ. "ಆ ಪೇಪರ್ ಕಟ್ಟನ್ನ ನಾನು ದಿನಾ ದಾಟಿಕೊಂಡು ಹೋಗ್ತಿದ್ದೆ. ಕಣ್ಣಿಗೆ ಕಾಣ್ತಾನೇ ಇರ್ಲಿಲ್ಲ" ಅಂದರು.

ಮೊದಲ ಪ್ರಯತ್ನ: ಇನ್ನೊಂದು ಬೀರು

ಜಾಗ ಇಲ್ಲದ್ದಕ್ಕೇ ಹೀಗಾಯಿತು ಎಂದುಕೊಂಡರು. ಜುಲೈನಲ್ಲಿ ಒಂದು ಕಬ್ಬಿಣದ ಬೀರು, ಮುಚ್ಚಳ ಇರುವ ಎಂಟು ಪ್ಲಾಸ್ಟಿಕ್ ಡಬ್ಬ ಬಂದವು. ಒಂದು ಭಾನುವಾರ ಕೂತು ನೆಲದ ಮೇಲಿದ್ದದ್ದನ್ನೆಲ್ಲ ಒಳಗೆ ತುಂಬಿದರು. ಎರಡು ವಾರ ಮನೆ ಚೆಂದ ಕಂಡಿತು.

ಆಮೇಲೆ ತೊಂದರೆ ಜಾಸ್ತಿಯಾಯಿತು. ಡಬ್ಬಗಳು ನೀಲಿ ಬಣ್ಣದವು, ಒಳಗೆ ಏನಿದೆ ಕಾಣುವುದಿಲ್ಲ. ಒಂದರ ಮೇಲೊಂದು ಇಟ್ಟಿದ್ದರಿಂದ ಕೆಳಗಿನದು ಬೇಕೆಂದರೆ ಮೂರು ಇಳಿಸಬೇಕು. ಕತ್ತರಿ ಸಿಗಲಿಲ್ಲ ಅಂತ ಹೊಸದು ತಂದರು. ನಾವು ಮುಂದೆ ಎಲ್ಲ ತೆಗೆದು ನೋಡಿದಾಗ ಮನೆಯಲ್ಲಿ ಏಳು ಕತ್ತರಿ ಇದ್ದವು. ಬೇಕು, ಬೇಡ ಎಂದು ನೋಡದೇ ಜಾಗ ಕೊಂಡರೆ, ತೀರ್ಮಾನವಾಗದ ಸಾಮಾನಿಗೆ ಒಳ್ಳೆ ಮನೆ ಕಟ್ಟಿಕೊಟ್ಟ ಹಾಗೆ. ನನ್ನ ಕೇಳಿದರೆ ಡಬ್ಬ ತರುವುದು ಕೊನೆಯ ಕೆಲಸ. ಎಷ್ಟು ಉಳಿಯಿತು ಎಂದು ಗೊತ್ತಾದ ಮೇಲೆ ತರಬೇಕು.

ಎರಡನೆಯದು: ಕೆಂಪು ಚೀಟಿ

ಮಗನ ಕಾರ್ಖಾನೆಯಲ್ಲಿ ಫೈವ್ ಎಸ್ ಎಂಬ ಪದ್ಧತಿ ಇದೆ. ಜಪಾನಿನ ಕಾರ್ಖಾನೆಗಳಲ್ಲಿ ಬೆಳೆದದ್ದು. ಬೇಡದ್ದನ್ನು ಬೇರೆ ಮಾಡು, ಉಳಿದದ್ದಕ್ಕೆ ಜಾಗ ಗೊತ್ತು ಮಾಡು, ಚೊಕ್ಕಟ ಮಾಡು, ಅದನ್ನೇ ಕ್ರಮ ಮಾಡು, ಆ ಕ್ರಮ ತಪ್ಪದಂತೆ ರೂಢಿಸಿಕೋ. ಸೇರಿ, ಸೇಟೊನ್, ಸೇಸೊ, ಸೇಕೆತ್ಸು, ಶಿತ್ಸುಕೆ. ಐದೂ ಸಕಾರದಲ್ಲೋ ಶಕಾರದಲ್ಲೋ ಶುರುವಾಗುತ್ತವೆ, ಅದಕ್ಕೇ ಆ ಹೆಸರು. ಬೇಕೋ ಬೇಡವೋ ಎಂದು ಅನುಮಾನ ಇರುವ ವಸ್ತುವಿಗೆ ಅಲ್ಲಿ ಕೆಂಪು ಚೀಟಿ ಅಂಟಿಸುತ್ತಾರೆ.

ಒಳ್ಳೆಯ ಪದ್ಧತಿ. ಅವರ ವಿಭಾಗಕ್ಕೆ ಅದಕ್ಕಾಗಿ ಬಹುಮಾನವೂ ಬಂದಿತ್ತು. ಆಗಸ್ಟಿನಲ್ಲಿ ಮಗ ಎರಡು ದಿನ ರಜೆ ಹಾಕಿದರು. ಒಂದು ಕಟ್ಟು ಕೆಂಪು ಕಾಗದ ತಂದರು. ಒಂದು ವರ್ಷದಿಂದ ಬಳಸದೇ ಇರುವುದಕ್ಕೆಲ್ಲ ಚೀಟಿ ಅಂಟಿಸುತ್ತಾ ಹೋದರು. ಹೆಂಡತಿ ಶಾಲೆಗೆ ಹೋಗಿದ್ದರು. ಅಜ್ಜಿ ಕೈಗೆ ಪಟ್ಟಿ ಹಾಕಿಕೊಂಡು ರೂಮಿನಲ್ಲಿ ಮಲಗಿದ್ದರು.

ಸಂಜೆ ಅಜ್ಜಿ ಎದ್ದು ಹಿತ್ತಲ ಬಾಗಿಲಿಗೆ ಬಂದಾಗ ಮೊದಲು ಕಂಡದ್ದು ತಾಮ್ರದ ಹಂಡೆ. ಊರಿನ ಮನೆಯ ಬಚ್ಚಲಲ್ಲಿ ನೀರು ಕಾಯುತ್ತಿದ್ದ ಹಂಡೆ. ಅದರ ಹೊಟ್ಟೆಯ ಮೇಲೆ ಕೆಂಪು ಚೀಟಿ.

"ಹಂಡೆಗೆ ಚೀಟಿ ಹಾಕಿದೀಯ. ನಾಳೆ ನಂಗೂ ಒಂದು ಅಂಟಿಸ್ತೀಯೇನೋ?"

ಮಗ ಏನೋ ಹೇಳಲು ಹೋದರು. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಮಾರನೇ ದಿನ ಮಂಡ್ಯದ ಕಡೆ ಇರುವ ಮಗಳ ಮನೆಗೆ ಹೊರಟರು. ಹದಿನೆಂಟು ದಿನ ಬರಲಿಲ್ಲ. ಚೀಟಿಗಳನ್ನೆಲ್ಲ ಅವತ್ತೇ ಕಿತ್ತರೂ ಹಂಡೆಯ ಮೇಲೆ ಅಂಟಿನ ಗುರುತು ಉಳಿಯಿತು. ಹುಣಸೆಹಣ್ಣು ಹಾಕಿ ಅದನ್ನು ತಿಕ್ಕಿದ್ದು ಮೊಮ್ಮಗಳು.

ನಾನು ಇದರ ಬಗ್ಗೆ ತುಂಬ ಯೋಚಿಸಿದ್ದೇನೆ. ಪದ್ಧತಿಯದ್ದು ತಪ್ಪಲ್ಲ. ಕಾರ್ಖಾನೆಯಲ್ಲಿ ಚೀಟಿ ಹಾಕಿದ ಮೇಲೆ ಆ ವಸ್ತುವನ್ನು ಒಂದು ಬೇರೆ ಜಾಗದಲ್ಲಿ ಇಟ್ಟು, ಅದು ಯಾರದೋ ಅವರನ್ನು ಕೇಳುತ್ತಾರೆ. ಅದಕ್ಕೆ ದಿನ ಗೊತ್ತು ಮಾಡುತ್ತಾರೆ. ಮನೆಯಲ್ಲಿ ಆ ಕೇಳುವ ಹಂತವೇ ಬಿಟ್ಟುಹೋಯಿತು. ಕಾರ್ಖಾನೆಯ ಸ್ಪ್ಯಾನರ್ ಯಾರ ಸ್ವಂತದ್ದೂ ಅಲ್ಲ. ಮನೆಯಲ್ಲಿ ಹಂಡೆಗೆ ಒಬ್ಬ ಯಜಮಾನಿ ಇದ್ದಳು. ಮಗನಿಗೆ ಇದು ಆಮೇಲೆ ಗೊತ್ತಾಯಿತು. ಅವರೇ ನನಗೆ ಹೇಳಿದ್ದು: "ಫ್ಯಾಕ್ಟರಿಯಲ್ಲಿ ಯಾವತ್ತೂ ಹೀಗೆ ಮಾಡಲ್ಲ ನಾನು. ಮನೆ ಅಂತ ಸಲಿಗೆ ತಗೊಂಡೆ."

ಗೊಂಬೆ ಪೆಟ್ಟಿಗೆ

ಅಜ್ಜಿ ವಾಪಸ್ ಬಂದರು. ಯಾರೂ ಸಾಮಾನಿನ ಮಾತು ಎತ್ತಲಿಲ್ಲ. ಅಕ್ಟೋಬರ್ 15ಕ್ಕೆ ನವರಾತ್ರಿ ಶುರು. ಅದರ ಹಿಂದಿನ ದಿನ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಲು ಮೊಮ್ಮಗಳು ನನ್ನನ್ನೂ ಕರೆದಳು. ಅಜ್ಜಿಯ ಕೈ ಇನ್ನೂ ಪೂರ್ತಿ ಸರಿಹೋಗಿರಲಿಲ್ಲ.

ನಾನು ಆ ಪೆಟ್ಟಿಗೆ ನೋಡಿ ಬೆರಗಾದೆ. ಇಡೀ ಮನೆಯಲ್ಲಿ ಅಷ್ಟು ಓರಣವಾಗಿದ್ದ ಇನ್ನೊಂದು ವಸ್ತು ಇರಲಿಲ್ಲ.

ಎರಡು ಟ್ರಂಕು. ಮುಚ್ಚಳದ ಒಳಗೆ ಅಂಟಿಸಿದ ಹಾಳೆ, ಅಜ್ಜಿಯ ದುಂಡನೆ ಅಕ್ಷರ. ಮೊದಲ ಟ್ರಂಕಿನಲ್ಲಿ ಏನೇನು, ಎರಡನೆಯದರಲ್ಲಿ ಏನೇನು. ಒಂದೊಂದು ಗೊಂಬೆಯೂ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿದ್ದು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳು, ಅಜ್ಜಿಯ ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ ರಾಣಿ. ಮೊದಲು ಕೂರಿಸಬೇಕಾದದ್ದು ಅವೇ, ಹಾಗಾಗಿ ಮೊದಲು ಕೈಗೆ ಸಿಗಬೇಕು. ಮಣ್ಣಿನ ಗೊಂಬೆಗಳ ಅಡಿಗೆ ಹುಲ್ಲು. ಸಣ್ಣ ಪಾತ್ರೆಪಡಗದ ಸೆಟ್ಟಿಗೆ ಒಂದು ತಗಡಿನ ಡಬ್ಬ, ಅದರಲ್ಲಿ ಎಷ್ಟು ತುಂಡು ಅಂತ ಮುಚ್ಚಳದ ಮೇಲೆ ಸಂಖ್ಯೆ. ಕಿವಿ ಮುರಿದ ಆನೆಗೆ "ಗೋಡೆ ಕಡೆ ಮುಖ" ಅಂತ ಬರೆದ ಚೀಟಿ.

ಚೀಟಿ! ಅಜ್ಜಿಗೆ ಚೀಟಿಯ ಬಗ್ಗೆ ಸಿಟ್ಟಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಐವತ್ತು ವರ್ಷದಿಂದ ಅವರು ಅದನ್ನೇ ಮಾಡಿದ್ದರು. ವರ್ಷಕ್ಕೆ ಹತ್ತು ದಿನ ಮಾತ್ರ ಹೊರಬರುವ ಆ ಗೊಂಬೆಗಳಿಂದ ಯಾರಿಗೂ ಒಂದು ದಿನವೂ ತೊಂದರೆ ಆಗಿರಲಿಲ್ಲ. ಯಾಕೆಂದರೆ ಅವಕ್ಕೆ ಜಾಗ ಗೊತ್ತು, ನೋಡಿಕೊಳ್ಳುವವರು ಗೊತ್ತು, ಹೊರಗೆ ಬರುವ ದಿನ ಗೊತ್ತು, ಒಳಗೆ ಹೋಗುವ ದಿನ ಗೊತ್ತು. ಒಂದು ವರ್ಷ ಬಳಸದಿದ್ದರೆ ತೆಗೆದುಬಿಡಿ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಗಳಿಗೆ ಅದು ಪೂರ್ತಿ ಹೊಂದುವುದಿಲ್ಲ. ಹಬ್ಬದ ಸಾಮಾನು, ಬಾಣಂತಿ ಸಾಮಾನು, ಶ್ರಾದ್ಧದ ಪಾತ್ರೆ, ಇವೆಲ್ಲ ಅವುಗಳ ದಿನ ಬಂದಾಗಲೇ ಏಳುವಂಥವು.

ನಾನು ಅಜ್ಜಿಯನ್ನು ಕೇಳಿದೆ. "ಅಮ್ಮ, ಈ ಮನೇನೂ ಈ ಪೆಟ್ಟಿಗೆ ಥರ ಮಾಡೋಕೆ ನೀವು ಹೇಳಿಕೊಡ್ತೀರಾ?"

ಅವರು ಸ್ವಲ್ಪ ಹೊತ್ತು ರಾಣಿಯ ಸೀರೆ ಸರಿಮಾಡುತ್ತಾ ಇದ್ದರು. "ಹಬ್ಬ ಮುಗೀಲಿ" ಅಂದರು. ಆಮೇಲೆ ಆದದ್ದೆಲ್ಲ ಆ ಎರಡು ಮಾತಿನಿಂದ ಆದದ್ದು.

ಹುಡುಕಾಟದ ಲೆಕ್ಕ

ಹಬ್ಬ ಮುಗಿದ ಮೇಲೆ ಮೊಮ್ಮಗಳು ಒಂದು ಕೆಲಸ ಶುರು ಮಾಡಿದಳು. ಹಳೆ ಕ್ಯಾಲೆಂಡರಿನ ಹಾಳೆಯನ್ನು ತಿರುಗಿಸಿ ಫ್ರಿಜ್ಜಿಗೆ ಅಂಟಿಸಿದಳು. ಮನೆಯಲ್ಲಿ ಯಾರು ಏನನ್ನು ಹುಡುಕಿದರೂ ಅಲ್ಲಿ ಬರೆಯಬೇಕು. ಎರಡು ವಾರ, ಅಷ್ಟೇ. ಏನನ್ನೂ ಎಸೆಯುವ ಹಾಗಿಲ್ಲ, ಸರಿಮಾಡುವ ಹಾಗೂ ಇಲ್ಲ. ಬರೀ ಬರೆಯುವುದು.

43 ಹುಡುಕಾಟ ಬಂದವು. ಅರ್ಧಕ್ಕಿಂತ ಜಾಸ್ತಿ ಆರೇ ವಸ್ತುಗಳದ್ದು: ಸ್ಕೂಟರ್ ಕೀ, ಅಜ್ಜಿಯ ಕನ್ನಡಕ, ಮೊಬೈಲ್ ಚಾರ್ಜರ್, ಕತ್ತರಿ, ಮೊಮ್ಮಗನ ಶಾಲೆ ಡೈರಿ, ಉಗುರು ಕತ್ತರಿಸುವ ಕಟರ್. ಅಟ್ಟದ ಮೇಲಿನ ಒಂದೇ ಒಂದು ವಸ್ತುವೂ ಆ ಪಟ್ಟಿಯಲ್ಲಿ ಇರಲಿಲ್ಲ.

ಮಗ ಆ ಹಾಳೆಯ ಮುಂದೆ ತುಂಬ ಹೊತ್ತು ನಿಂತಿದ್ದರು. ಅವರು ಯುದ್ಧ ಹೂಡಿದ್ದು ಅಟ್ಟದ ಮೇಲೆ, ಹಂಡೆಯ ಮೇಲೆ. ದಿನದ ಗೋಳು ಇದ್ದದ್ದು ಬಾಗಿಲಿನಿಂದ ಊಟದ ಮೇಜಿನವರೆಗಿನ ಹತ್ತು ಹೆಜ್ಜೆಯಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಎಂದು ತೀರ್ಮಾನವಾಯಿತು. ಅಟ್ಟ ಕೊನೆಗೆ.

ಬಾಗಿಲ ಪಕ್ಕ ಮೂರು ಮೊಳೆ ಹೊಡೆದರು, ಕೀಲಿಕೈಗೆ. ಅಜ್ಜಿಯ ಕನ್ನಡಕಕ್ಕೆ ಎರಡು ಜಾಗ: ದೇವರಮನೆಯ ಗೂಡು, ತಲೆದಿಂಬಿನ ಪಕ್ಕದ ಸ್ಟೂಲು. ಒಂದೇ ಜಾಗ ಎಂದು ಮಗ ಹಟ ಮಾಡಿದರು. ಅಜ್ಜಿ ಸ್ತೋತ್ರ ಓದುವುದು ಅಲ್ಲಿ, ಮಲಗುವುದು ಇಲ್ಲಿ. ವಸ್ತು ಇರಬೇಕಾದದ್ದು ಅದು ಕೈಯಿಂದ ಜಾರುವ ಜಾಗದಲ್ಲಿ. ಬೇರೆ ಕಡೆ ಜಾಗ ಕೊಟ್ಟರೆ ಯಾರೂ ತಂದಿಡುವುದಿಲ್ಲ. ಚೀಲ ಎಸೆಯುವ ಹುಡುಗನಿಗೆ ಎಸೆಯುವ ಜಾಗದಲ್ಲೇ ಕೊಕ್ಕೆ ಹಾಕಿದೆವು. ಅವನ ಎತ್ತರಕ್ಕೆ. ಮೊದಲು ದೊಡ್ಡವರ ಎತ್ತರಕ್ಕೆ ಹಾಕಿ, ಒಂದು ವಾರ ಚೀಲ ನೆಲದ ಮೇಲೇ ಇದ್ದದ್ದು ಕಂಡು ಇಳಿಸಿದ್ದು.

ಬಚ್ಚಲಿನ ಓಣಿಗೆ ಒಂದೇ ಕಟ್ಟಳೆ. ನೆಲದ ಮೇಲೆ ಏನೂ ಇಲ್ಲ. ಸಣ್ಣ ರಾತ್ರಿ ದೀಪ ಒಂದು. ಇದರಲ್ಲಿ ಮಾತ್ರ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ವಯಸ್ಸಾದವರು ಇರುವ ಯಾವ ಮನೆಯಲ್ಲೂ ಬೇರೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಇದು ಎಂದೇ ನಾನು ನಂಬಿದ್ದೇನೆ.

ರದ್ದಿಗೆ ಹೋದ ನೋಟ್‌ಬುಕ್

ಡಿಸೆಂಬರಿನಲ್ಲಿ ಕಾಗದಪತ್ರಕ್ಕೆ ಕೈ ಹಾಕಿದೆವು. ಇಲ್ಲಿ ದೊಡ್ಡ ತಪ್ಪಾಯಿತು, ನನ್ನಿಂದಲೇ. ಹಳೆ ಪುಸ್ತಕ, ಪೇಪರ್, ಮದುವೆ ಪತ್ರಿಕೆಗಳನ್ನು ಬೇಗ ಬೇಗ ಕಟ್ಟಿ ಆ ಸಂಜೆಯೇ ರದ್ದಿಯವರಿಗೆ ಕೊಟ್ಟೆವು. ಕೆಲಸ ಮುಗಿಸಿದ ಖುಷಿಯಲ್ಲಿ ಕಾಫಿ ಕುಡಿದೆವು. ರಾತ್ರಿ ಸೊಸೆ ತಮ್ಮ ತಾಯಿಯ ಅಡುಗೆ ನೋಟ್‌ಬುಕ್ ಹುಡುಕಿದರು. ಉಪ್ಪಿನಕಾಯಿ ಅಳತೆ, ಸಾರಿನಪುಡಿ ಅಳತೆ, ಎಲ್ಲ ಅವರ ತಾಯಿಯ ಕೈಬರಹ. ತಾಯಿ ಈಗ ಇಲ್ಲ. ಅದು ಹಳೆ ಶಾಲಾ ನೋಟ್‌ಬುಕ್ಕಿನಲ್ಲಿ ಬರೆದದ್ದು, ನಾನು ಮಕ್ಕಳದ್ದು ಅಂದುಕೊಂಡಿದ್ದೆ.

ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ಗುಜರಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆವು. ಅಂಗಡಿಯವರು ಬೈಯಲಿಲ್ಲ. ರಾಶಿಯನ್ನು ತೋರಿಸಿ, "ನೋಡ್ಕೊಳ್ಳಿ ಅಮ್ಮ, ಇನ್ನೂ ಲೋಡ್ ಹೋಗಿಲ್ಲ" ಅಂದರು. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಸೊಸೆ ಅದನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಳಿತುಬಿಟ್ಟರು.

ಅವತ್ತಿನಿಂದ ಯಾವ ವಸ್ತುವೂ ತೀರ್ಮಾನವಾದ ದಿನವೇ ಮನೆಯಿಂದ ಹೊರಗೆ ಹೋಗುವುದಿಲ್ಲ. ಬಾಗಿಲ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ. ಬೇಡ ಎನಿಸಿದ್ದು ಅದಕ್ಕೆ ಹೋಗುತ್ತದೆ. ಹದಿನೈದು ದಿನ ಅಲ್ಲಿರುತ್ತದೆ. ಯಾರು ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು, ಕಾರಣ ಕೇಳುವಂತಿಲ್ಲ. ಹದಿನೈದನೇ ದಿನ ಪೆಟ್ಟಿಗೆ ಖಾಲಿಯಾಗಲೇಬೇಕು. ಅಂದರೆ ಮಗ ಕೆಂಪು ಚೀಟಿಯಲ್ಲಿ ಬಿಟ್ಟಿದ್ದ ಹಂತ ಇನ್ನೊಂದು ರೂಪದಲ್ಲಿ ವಾಪಸ್ ಬಂತು. ತಮಾಷೆಯೆಂದರೆ ವಾಪಸ್ ತೆಗೆದುಕೊಂಡದ್ದು ತೀರಾ ಕಮ್ಮಿ. ತೆಗೆದುಕೊಳ್ಳಬಹುದು ಎಂಬ ಧೈರ್ಯ ಇದ್ದದ್ದಕ್ಕೇ ಸುಲಭವಾಗಿ ಬಿಟ್ಟರು.

ಕಾಗದಗಳ ಉಳಿದ ಕೆಲಸ ನಿಧಾನಕ್ಕೆ ಮಾಡಿದೆವು. ಮೂರು ಫೈಲು. ಒಂದರಲ್ಲಿ ಎಂದಿಗೂ ಎಸೆಯಬಾರದ್ದು: ಕ್ರಯಪತ್ರ, ಖಾತೆ, ಜನನ ಮರಣ ಪತ್ರಗಳು, ಅಂಕಪಟ್ಟಿ, ಪಿಂಚಣಿ ಕಾಗದ. ಕ್ರಯಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಲು ಮಗ ಹೊರಟಿದ್ದರು. ಬೇಡವೆಂದೆ. ಒಮ್ಮೆ ಮಾಡಿಸಿದರೆ ಕಾಗದ ಹಾಳಾಗದೆ ಅದನ್ನು ಬಿಡಿಸಲು ಆಗುವುದಿಲ್ಲ. ಮುದ್ರೆಯನ್ನು ಪರೀಕ್ಷಿಸಬೇಕಾಗಿ ಬಂದರೆ ತೊಂದರೆ. ಗಾಳಿಯಾಡುವ ಫೈಲಿನಲ್ಲಿ, ತೇವ ಇಲ್ಲದ ಕಡೆ ಇಟ್ಟರೆ ಸಾಕು. ಎರಡನೆಯದರಲ್ಲಿ ಈ ವರ್ಷ ಓಡಾಡುವ ಕಾಗದ: ಕಂದಾಯ ರಸೀದಿ, ವಿಮೆ, ಶಾಲೆ ಫೀಸು. ಮೂರನೆಯದು ಆಸ್ಪತ್ರೆ ಫೈಲು. ಅದರ ಮೊದಲ ಹಾಳೆಯಲ್ಲಿ ಅಜ್ಜಿಯ ಮಾತ್ರೆಗಳ ಹೆಸರು, ಹೊತ್ತು, ವಿಮೆ ನಂಬರು. ಅದರ ಫೋಟೋ ಮನೆಯ ನಾಲ್ವರ ಫೋನಿನಲ್ಲಿದೆ.

ಆಧಾರ್, ಡ್ರೈವಿಂಗ್ ಲೈಸೆನ್ಸ್, ಗಾಡಿಯ ಆರ್‌ಸಿ ಡಿಜಿಲಾಕರಿಗೆ ಹೋದವು. ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳಲು 2015ರಿಂದ ಇರುವ ಸರ್ಕಾರಿ ಸೌಲಭ್ಯ, ಈ ಮನೆಯಲ್ಲಿ ಯಾರೂ ತೆರೆದೇ ಇರಲಿಲ್ಲ. ಅಂಗಡಿ ಬಿಲ್ಲುಗಳಲ್ಲಿ ಒಂದು ಪಾಠ ಸಿಕ್ಕಿತು. ವಾರಂಟಿಗೆಂದು ಜೋಪಾನ ಮಾಡಿದ್ದ ಬಿಲ್ಲುಗಳಲ್ಲಿ ಎಷ್ಟೋ ಬರೀ ಬಿಳಿ ಕಾಗದವಾಗಿದ್ದವು. ಶಾಖಕ್ಕೆ ಅಚ್ಚು ಮೂಡುವ ಆ ನಯವಾದ ಕಾಗದದ ಅಕ್ಷರ ಕಾಲಕ್ರಮದಲ್ಲಿ ಮಾಸಿಹೋಗುತ್ತದೆ. ತಂದ ದಿನವೇ ಫೋಟೋ ತೆಗೆಯಬೇಕು.

ಔಷಧಿ ಡಬ್ಬ ಸಣ್ಣದು, ಆದರೆ ಭಯ ಹುಟ್ಟಿಸಿದ್ದು ಅದೇ. ಮಾತ್ರೆಯ ಹಾಳೆಯನ್ನು ಕತ್ತರಿಸಿ ಕತ್ತರಿಸಿ ಅವಧಿ ಮುಗಿಯುವ ತಾರೀಕು ಇರುವ ತುಂಡೇ ಹೋಗಿತ್ತು. ತಾರೀಕು ಇರುವ ಕಡೆಯನ್ನು ಕೊನೆಯವರೆಗೂ ಉಳಿಸಿ ಎಂದು ಅಂಗಡಿಯಲ್ಲೂ ಹೇಳತೊಡಗಿದರು. ತೆರೆದ ಕಣ್ಣಿನ ಹನಿ ಬಾಟಲಿಗಳು ನಾಲ್ಕು ಸಿಕ್ಕವು. ಅವನ್ನು ಸಾಮಾನ್ಯವಾಗಿ ತೆರೆದು ಒಂದು ತಿಂಗಳಾದ ಮೇಲೆ ಬಳಸಬಾರದು. ಈಗ ತೆರೆದ ದಿನವನ್ನು ಬಾಟಲಿಯ ಮೇಲೆ ಬರೆಯುತ್ತಾರೆ.

ಅಡುಗೆಮನೆ, ಸೀರೆ, ವೈರು

ಅಡುಗೆಮನೆಯಲ್ಲಿ ಜಾಸ್ತಿ ಇದ್ದದ್ದು ಪಾತ್ರೆ ಎಂದುಕೊಂಡಿದ್ದೆವು. ನಿಜವಾದ ತೊಂದರೆ ದಿನಸಿಯಲ್ಲಿತ್ತು. ಉದ್ದಿನಬೇಳೆಯ ಮೂರು ಪ್ಯಾಕೆಟ್ ತೆರೆದು ರಬ್ಬರ್ ಬ್ಯಾಂಡ್ ಹಾಕಿಟ್ಟದ್ದು. ಡಬ್ಬದಲ್ಲಿ ಹಳೆಯದರ ಮೇಲೆ ಹೊಸದು ಸುರಿಯುವ ರೂಢಿ. ತಳದ ರವೆ ಮೇಲೆ ಬರುವುದೇ ಇಲ್ಲ, ಹುಳ ಅಲ್ಲಿಂದ ಶುರು. ಅಜ್ಜಿ ಒಂದು ಸಣ್ಣ ಡಬ್ಬ ತೋರಿಸಿದರು. ಹೊಸದು ಬಂದ ದಿನ ಹಳೆಯದನ್ನು ಅದಕ್ಕೆ ಸುರಿದು, ಮೊದಲು ಅದನ್ನು ಖಾಲಿ ಮಾಡುವುದು. ಅವರ ಅತ್ತೆ ಹಾಗೆ ಮಾಡುತ್ತಿದ್ದರಂತೆ. ತಿಂಗಳ ಸಾಮಾನಿನ ಪಟ್ಟಿಯನ್ನು ಅಡುಗೆಮನೆಯಲ್ಲಿ ನಿಂತು, ಡಬ್ಬ ತೆರೆದು ಬರೆಯುತ್ತಾರೆ ಈಗ.

ಪಾತ್ರೆಗಳ ತೀರ್ಮಾನ ಅಜ್ಜಿಯದು. ಮೊಮ್ಮಗಳು ಒಂದೊಂದೇ ತಂದು ಮುಂದೆ ಇಡುವುದು. ಅಜ್ಜಿ ಅದು ಎಲ್ಲಿಂದ ಬಂತು ಎಂದು ಹೇಳುವುದು. ಮೊಮ್ಮಗಳು ಫೋನಿನಲ್ಲಿ ರೆಕಾರ್ಡ್ ಮಾಡುವುದು. ನಾಲ್ಕು ಶನಿವಾರ ಹಿಡಿಯಿತು. ಅವಸರ ಮಾಡಲಿಲ್ಲ. ಕಥೆ ಹೇಳಿ ಮುಗಿದ ಮೇಲೆ ಎಷ್ಟೋ ಪಾತ್ರೆಗಳನ್ನು ಅಜ್ಜಿಯೇ ಆಚೆ ಸರಿಸಿದರು. ದೊಡ್ಡ ಕೊಪ್ಪರಿಗೆ, ಎರಡು ಬೋಗುಣಿ ಅವರ ಊರಿನ ದೇವಸ್ಥಾನದ ಅನ್ನದಾನಕ್ಕೆ ಹೋದವು. ತಾಮ್ರದ ಹಂಡೆ ಮಂಡ್ಯದ ಮಗಳ ಮನೆಗೆ ಹೋಯಿತು. ಅಲ್ಲಿ ಬಚ್ಚಲ ಒಲೆ ಇನ್ನೂ ಉರಿಯುತ್ತದೆ. ಹೊರಡುವ ಮುಂಚೆ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಇಟ್ಟರು. ಹಂಡೆಯನ್ನು ಆಟೋಗೆ ಹೊತ್ತುಕೊಂಡು ಹೋದದ್ದು ಮಗ.

ರೇಷ್ಮೆ ಸೀರೆಗಳು ಪ್ಲಾಸ್ಟಿಕ್ ಕವರಿನಲ್ಲಿದ್ದವು, ಮಡಿಕೆಯಲ್ಲಿ ನುಸಿಗುಳಿಗೆ. ಎರಡೂ ಸರಿಯಲ್ಲ. ಕವರಿನಲ್ಲಿ ತೇವ ನಿಲ್ಲುತ್ತದೆ, ಗುಳಿಗೆ ತಾಗಿದ ಜರಿ ಕಪ್ಪಾಗುತ್ತದೆ. ಮನೆಯಲ್ಲಿ ಅರವತ್ತಕ್ಕೂ ಮೇಲೆ ರವಿಕೆ ಕಣ ಇದ್ದವಲ್ಲ, ಅದರಲ್ಲಿ ಹತ್ತಿಯವನ್ನು ಆರಿಸಿ ಟೈಲರ್ ಹತ್ತಿರ ಚೀಲ ಹೊಲಿಸಿದೆವು. ಸೀರೆಗಳು ಅದರೊಳಗೆ ಹೋದವು. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿದರೆ ಒಂದೇ ಗೆರೆಯಲ್ಲಿ ಸೀರೆ ಸೀಳುವುದಿಲ್ಲ.

ಮಗನ ಪಾಲಿಗೆ ಬಂದದ್ದು ಎರಡು ಚೀಲ ವೈರು, ಐದು ಹಳೆ ಮೊಬೈಲು, ಒಂದು ಸತ್ತ ಇನ್ವರ್ಟರ್ ಬ್ಯಾಟರಿ. ಗುಜರಿಗೆ ಕೊಟ್ಟರೆ ಒಳಗಿನ ತಾಮ್ರಕ್ಕಾಗಿ ವೈರು ಸುಡುವವರು ಇದ್ದಾರೆ. ಆ ಹೊಗೆ ಯಾರದೋ ಮಕ್ಕಳ ಮೂಗಿಗೆ ಹೋಗುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ನೋಂದಾಯಿತ ಮರುಬಳಕೆದಾರರ ಕಡೆಗೇ ಇವು ಸೇರಬೇಕು. ಮಗ ಅಂಥವರನ್ನು ಹುಡುಕಿ ಕೊಟ್ಟರು. ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಡೀಲರ್‌ಗೇ ವಾಪಸ್ ಕೊಟ್ಟರು. ಮೊಬೈಲುಗಳಿಂದ ಅಜ್ಜನ ಫೋಟೋಗಳನ್ನು ಮೊದಲು ತೆಗೆದಿಟ್ಟುಕೊಂಡರು. ಹದಿನೈದು ದಿನದ ಪೆಟ್ಟಿಗೆ ಇಲ್ಲದಿದ್ದರೆ ಅವೂ ಹೋಗುತ್ತಿದ್ದವು.

ಒಂದು ವರ್ಷದ ಮೇಲೆ

2024ರ ದಸರಾ ಮುಗಿದ ಮೇಲೆ ಮೊಮ್ಮಗಳು ಮತ್ತೆ ಫ್ರಿಜ್ಜಿಗೆ ಹಾಳೆ ಅಂಟಿಸಿದಳು. ಎರಡು ವಾರದಲ್ಲಿ 11 ಹುಡುಕಾಟ. ಅದರಲ್ಲಿ ಐದು ಚಾರ್ಜರ್‌ದು, ಅದು ಇನ್ನೂ ಸರಿಹೋಗಿಲ್ಲ. ಹೊಸ ಬೀರುವನ್ನು ಅರ್ಧ ಬೆಲೆಗೆ ಮಾರಿದರು. ನೀಲಿ ಡಬ್ಬಗಳಲ್ಲಿ ಐದು ಅಂಗನವಾಡಿಗೆ ಹೋದವು.

ನೆಂಟರು ಬಂದರೆ ಮನೆ ಖಾಲಿ ಖಾಲಿ ಅನಿಸುವುದಿಲ್ಲ. ಈಗಲೂ ಸಾಮಾನು ಸಾಕಷ್ಟಿದೆ. ಪತ್ರಿಕೆಯ ಚಿತ್ರದಲ್ಲಿ ಕಾಣುವ ಮನೆಯಂತೂ ಅಲ್ಲ. ಆದರೆ ಯಾವ ವಸ್ತುವನ್ನು ತೋರಿಸಿ ಇದು ಯಾರದು ಎಂದು ಕೇಳಿದರೂ ಯಾರೋ ಒಬ್ಬರು ನನ್ನದು ಅನ್ನುತ್ತಾರೆ. ಮೊದಲು ಹಾಗೆ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನ್ನ ಪ್ರಕಾರ ಈ ಮನೆಯಲ್ಲಿ ಆದ ದೊಡ್ಡ ಬದಲಾವಣೆ ಇದು. ಎಷ್ಟು ಕೆಜಿ ಹೊರಗೆ ಹೋಯಿತು ಅನ್ನುವುದಲ್ಲ.

ಜಾರಿದ್ದೂ ಉಂಟು. ಪರೀಕ್ಷೆ ತಿಂಗಳಲ್ಲಿ ಊಟದ ಮೇಜು ಮತ್ತೆ ಪುಸ್ತಕದಿಂದ ತುಂಬಿತು. ಒಂದು ಮದುವೆ ಸೀಸನ್ನಿನಲ್ಲೇ ಹತ್ತೊಂಬತ್ತು ಸ್ಟೀಲ್ ಬಟ್ಟಲು ಒಳಗೆ ಬಂದವು. ಅವು ಬಂದ ಚೀಲದಲ್ಲೇ ಬಾಗಿಲ ಪೆಟ್ಟಿಗೆಗೆ ಹೋದವು. ಬೇಡ ಎಂದು ಹೇಳಲು ಇನ್ನೂ ಯಾರಿಗೂ ಬಾಯಿ ಬರುವುದಿಲ್ಲ. ತಾಂಬೂಲದ ಜೊತೆ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ ಅಲ್ವಾ.

ಅಜ್ಜಿಯ ರೂಮಿನ ಹಳೆಯ ಬೀರುವಿನ ಒಂದು ಶೆಲ್ಫ್ ಹಾಗೇ ಇದೆ. ಅಲ್ಲಿ ಅಜ್ಜನ ಎರಡು ಪಂಚೆ, ಒಂದು ಕಂದು ಕೋಟು, ಕನ್ನಡಕದ ಪೆಟ್ಟಿಗೆ. ನಾಲ್ಕು ಶನಿವಾರಗಳಲ್ಲೂ ಅಜ್ಜಿ ಅದರ ಹತ್ತಿರ ಹೋಗಲಿಲ್ಲ, ಮೊಮ್ಮಗಳೂ ಕೇಳಲಿಲ್ಲ. ಹದಿನೈದು ದಿನದ ಲೆಕ್ಕ ಆ ಶೆಲ್ಫಿಗೆ ಇಲ್ಲ ಎಂದು ಮಗನೇ ಹೇಳಿದ್ದಾರೆ. ಶನಿವಾರ ಮನೆ ಒರೆಸುವಾಗ ಸೊಸೆ ಆ ಕೋಟನ್ನು ಒಮ್ಮೆ ಕೊಡವಿ, ಅದೇ ಮಡಿಕೆಯಲ್ಲಿ ವಾಪಸ್ ಇಡುತ್ತಾರೆ.